ಗಾಳಿ ಕೈಬಿಡುವ ಹೊತ್ತು

ನಮ್ಮ ಬೀದಿಯಲ್ಲಿ ಗಾಳಿ ಎದ್ದಿದೆಯೆಂದು ಮೊದಲು ಸಾರುವುದು ಕಸದ ತೊಟ್ಟಿಗಳು. ಚಕ್ರವಿರುವ, ಮುಚ್ಚಳವಿರುವ, ನನ್ನ ಎದೆಯೆತ್ತರದ ಆ ತೊಟ್ಟಿಗಳು ಪ್ರತಿ ಮನೆಯ ಪಕ್ಕದಲ್ಲೂ ಸಾಲಾಗಿ ನಿಂತಿರುತ್ತವೆ. ಉಳಿದ ದಿನಗಳಲ್ಲಿ ಅವುಗಳಷ್ಟು ಸಭ್ಯರು ಇಡೀ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಗಾಳಿ ಬೀಸಿದ ದಿನ ಮಾತ್ರ ಎಲ್ಲಕ್ಕಿಂತ ಹಗುರಾದ ಹಸಿರು ತೊಟ್ಟಿ ಮೊದಲು ಅಂಗಾತ ಬೀಳುತ್ತದೆ, ಬಾಯಿ ತೆರೆಯುತ್ತದೆ, ಆಮೇಲೆ ರಸ್ತೆಯ ಇಳಿಜಾರು ಹಿಡಿದು ನಿಧಾನವಾಗಿ ಹೊರಟುಬಿಡುತ್ತದೆ. ಹಾಗೆ ಹೊರಟ ನಮ್ಮ ತೊಟ್ಟಿಯನ್ನು ಎಷ್ಟೋ ಸಲ ಪಕ್ಕದವರ ಅಂಗಳದಿಂದ ಎಳೆದು ತಂದಿದ್ದೇನೆ. ಅವರದನ್ನೇ ನಮ್ಮದೆಂದು ತಂದು, ಒಳಗಿನ ದಾಳಿಂಬೆ ಸಿಪ್ಪೆ ನೋಡಿ ಮತ್ತೆ ಅಲ್ಲೇ ಬಿಟ್ಟು ಬಂದದ್ದೂ ಉಂಟು. ಗಾಳಿಯ ದಿನ ಕಾರು ಹೊರಗೆ ತೆಗೆಯುವ ಮೊದಲು ತೊಟ್ಟಿ ಎಲ್ಲಿದೆಯೆಂದು ನೋಡಿಕೊಳ್ಳಬೇಕು ಎನ್ನುವುದು ಈ ಪರದೇಶದ ಫ್ರೀಮಾಂಟಿಗೆ ಬಂದ ಹೊಸದರಲ್ಲಿ ನಾನು ಕಲಿತ ಮೊದಲ ಪಾಠ.

ಗಾಳಿ ನನಗೆ ಹೊಸದೇನಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಆಷಾಢದ ಗಾಳಿಯಲ್ಲಿ ಒಂದು ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ಲನ್ನೂ ಇನ್ನೊಂದರಲ್ಲಿ ಹಾರುವ ದುಪಟ್ಟಾವನ್ನೂ ಹಿಡಿದು ಕಾಲೇಜಿಗೆ ಹೋಗಿ, ಬರುವಾಗ ಅದೇ ಗಾಳಿ ಬೆನ್ನಿಗಿದೆಯೆಂದು ಪೆಡಲು ತುಳಿಯದೆಯೇ ಮನೆ ಸೇರಿದವಳು. ತಾರಸಿಯ ಮೇಲೆ ಒಣಹಾಕಿದ್ದ ಅಪ್ಪನ ಪಂಚೆ ಹಿಂದಿನ ಬೀದಿಯ ತೆಂಗಿನ ಮರಕ್ಕೆ ಸಿಕ್ಕಿಕೊಂಡು ವಾರಗಟ್ಟಲೆ ಅಲ್ಲೇ ಹಾರಾಡಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ನಗುವ ಸಂಗತಿ. ಅದು ಮಳೆಯ ತಂಪನ್ನು ಹೊತ್ತು ತರುವ, ಗಾಳಿಪಟ ಏರಿಸುವ, ಮಕ್ಕಳ ಪಕ್ಷದ ಗಾಳಿ. ನಮ್ಮ ಭಾಷೆಯಾದರೂ ಗಾಳಿಯನ್ನು ಅಷ್ಟೊಂದು ಗಂಭೀರವಾಗಿ ತೆಗೆದುಕೊಂಡಂತೆ ಕಾಣುವುದಿಲ್ಲ. ಬುಡವಿಲ್ಲದ ಸುದ್ದಿ ಗಾಳಿಸುದ್ದಿ, ತಳವಿಲ್ಲದ ಆಸೆ ಗಾಳಿಗೋಪುರ, ಕೇಳದೆ ಬಿಟ್ಟ ಬುದ್ಧಿಮಾತು ಗಾಳಿಗೆ ತೂರಿದ್ದು. ತೂಕವಿಲ್ಲದ್ದಕ್ಕೆಲ್ಲ ಗಾಳಿಯ ಹೆಸರಿಟ್ಟು ನಾವು ಕೈತೊಳೆದುಕೊಂಡಿದ್ದೇವೆ. ಎತ್ತರದ ಕಾರೊಂದರಲ್ಲಿ ಕೂತು ನಮ್ಮೂರಿನ ಅಂಚಿನ ಕೊಲ್ಲಿಯ ಉದ್ದನೆಯ ಸೇತುವೆ ದಾಟುವ ಪ್ರಸಂಗ ಬಂದಿದ್ದರೆ ಆ ಮಾತುಗಳನ್ನು ಕಟ್ಟಿದವರು ಇನ್ನೊಮ್ಮೆ ಯೋಚಿಸುತ್ತಿದ್ದರೇನೋ.

ಇಲ್ಲಿಯ ಗಾಳಿಯಲ್ಲಿ ಎರಡು ಬಗೆ. ಬೇಸಿಗೆಯುದ್ದಕ್ಕೂ ಮಧ್ಯಾಹ್ನವಾದ ಮೇಲೆ ಸಮುದ್ರದ ಕಡೆಯಿಂದ ಬರುವ ತಣ್ಣನೆಯ ಗಾಳಿ ಒಂದು. ಅದಕ್ಕೆ ಒಂದು ಸ್ವೆಟರು ಸಾಕು. ಇನ್ನೊಂದು ನವರಾತ್ರಿಯ ಆಸುಪಾಸಿನಲ್ಲಿ, ಬೆಟ್ಟಗಳ ಆಚೆಯ ಒಣ ನೆಲದಿಂದ ಎದ್ದು ಸಮುದ್ರದ ಕಡೆಗೆ ಇಳಿಯುವ ಗಾಳಿ. ಅದರಲ್ಲಿ ಹನಿ ನೀರಿರುವುದಿಲ್ಲ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಬೆರಳಿಗೆ ಚುರಕ್ಕೆನ್ನುತ್ತದೆ, ಎಲ್ಲಾದರೂ ತಂತಿಯಿಂದ ಕಿಡಿ ಬಿದ್ದು ಕಾಡು ಹತ್ತಿಕೊಂಡೀತೆಂದು ಕರೆಂಟನ್ನೇ ತೆಗೆದುಬಿಡುತ್ತಾರೆ. ರಸ್ತೆಯ ಪಕ್ಕದ ನೀಲಗಿರಿ ಮರಗಳು ತೊಗಟೆ, ಕೊಂಬೆ ಎಂದು ನೋಡದೆ ಕೈಗೆ ಸಿಕ್ಕಿದ್ದನ್ನೆಲ್ಲ ಕೆಳಗೆ ಎಸೆಯುತ್ತವೆ. ಅಂಥ ದಿನ ಮರದ ಕೆಳಗೆ ಕಾರು ನಿಲ್ಲಿಸಬಾರದು, ಗಾಳಿಗೆ ಎದುರಾಗಿ ನಿಲ್ಲಿಸಿ ಬಾಗಿಲನ್ನು ಗಟ್ಟಿಯಾಗಿ ಹಿಡಿದು ತೆರೆಯಬೇಕು, ಆಗದಿದ್ದರೆ ಹೊರಗೇ ಹೋಗಬಾರದು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಹೇಳುವುದಕ್ಕೇನು, ಕಾರು ಓಡಿಸುತ್ತಿದ್ದವರು ನಮ್ಮವರು.

ನಮ್ಮವರು ಎಂದರೆ ವಾದಿರಾಜರು, ಉಡುಪಿಯ ಕಡೆಯವರು, ನಮ್ಮದು ಮೂವತ್ತು ವರ್ಷದ ಸಂಸಾರ. ಈ ಊರಿನ ನಮ್ಮ ಕಡೆಯ ಬಹುಪಾಲು ಮನೆಗಳಂತೆ ನಮ್ಮ ಮನೆಯಲ್ಲೂ ಯಾರೂ ಕೂತು ತೀರ್ಮಾನಿಸದೆಯೇ ಜಾರಿಗೆ ಬಂದ ಒಂದು ಪದ್ಧತಿಯಿತ್ತು. ಫ್ರೀವೇ ಎಂಬ ಹೆದ್ದಾರಿಯೆಂದರೆ, ಸೇತುವೆಯೆಂದರೆ ಅವರು ಓಡಿಸಬೇಕು, ನಾನು ಪಕ್ಕದಲ್ಲಿ ಕೂತು ಚಕ್ಕುಲಿ ಮುರಿದು ಕೊಡಬೇಕು, ಕಿತ್ತಳೆ ತೊಳೆ ಬಿಡಿಸಬೇಕು, ಫೋನಿನಲ್ಲಿ ದಾರಿ ನೋಡಬೇಕು. ನಾನು ಗಣಿತ ಕಲಿಸುವ ಶಾಲೆ, ಗ್ರೋಸರಿ ಅಂಗಡಿ, ಮಗಳ ಸಂಗೀತದ ಕ್ಲಾಸು ಇವಿಷ್ಟು ನನ್ನ ರಾಜ್ಯ. ಅಪರೂಪಕ್ಕೆ ನಾನು ಓಡಿಸುವಾಗ ಅವರು ಪಕ್ಕದಲ್ಲಿದ್ದರೆ ಬಾಯಿಗೆ ಬಿಡುವಿರುತ್ತಿರಲಿಲ್ಲ. ಸಿಗ್ನಲ್ ಕೆಂಪಾಯಿತು, ಎಡಗಡೆ ಸೈಕಲ್ಲಿನವ ಬಂದ, ಮುಂದಿನವ ಬ್ರೇಕು ಹಾಕಿದ ಎಂದು ನಾನು ನೋಡಿ ಆಗಿದ್ದನ್ನೆಲ್ಲ ಒಂದೂ ಬಿಡದೆ ವರದಿ ಮಾಡುವರು. ಬ್ರೇಕಿಲ್ಲದ ತಮ್ಮ ಕಡೆಯ ನೆಲವನ್ನು ಬಲಗಾಲಿನಿಂದ ಒತ್ತುವರು. ನಿಧಾನ ಎಂದು ಅವರು ಅಂದರೆ ನನ್ನ ಕಾಲು ತಾನಾಗಿ ಇನ್ನಷ್ಟು ಒತ್ತುತ್ತಿತ್ತು. ಇದನ್ನು ಓದುತ್ತಿರುವ ಹೆಂಗಸರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಗಾಳಿಯಲ್ಲಿ ಕಾರು ಓಡಿಸುವುದರ ಬಗ್ಗೆ ನನಗೆ ತಿಳಿದವರೊಬ್ಬರು ಒಮ್ಮೆ ಹೇಳಿದ್ದರು. ಅವರು ಶಾಂತಕ್ಕ, ಧಾರವಾಡದವರು, ಗಿಲ್‌ರಾಯ್‌ನಲ್ಲಿ ಮನೆ. ನರ್ಸ್ ಕೆಲಸಕ್ಕಾಗಿ ವರ್ಷಾನುಗಟ್ಟಲೆ ಅಲ್ಲಿಂದ ಉತ್ತರಕ್ಕೆ ದಿನವೂ ಓಡಾಡಿ ಈಗ ನಿವೃತ್ತರಾಗಿದ್ದಾರೆ. ಕನ್ನಡ ಕೂಟದ ಊಟದ ಸಾಲಿನಲ್ಲಿ, ಎಲೆಯ ಮುಂದೆ ಅನ್ನಕ್ಕಾಗಿ ಕಾಯುತ್ತ, ಅವರು ನನಗೆ ಈ ವಿದ್ಯೆಯನ್ನು ಧಾರೆಯೆರೆದರು. "ಗಾಳಿ ನೂಕಿದ್ರ ಅಂಜಬ್ಯಾಡ ತಂಗಿ. ಅದು ಕೈಬಿಟ್ಟಾಗ ಹುಷಾರಿರು," ಎಂದರು. ಬಲಗಡೆಯಿಂದ ಗಾಳಿ ಒತ್ತುತ್ತಿದ್ದರೆ ನಮಗೇ ಗೊತ್ತಿಲ್ಲದೆ ನಾವು ಸ್ಟಿಯರಿಂಗನ್ನು ಬಲಕ್ಕೆ ಎಳೆದು ಹಿಡಿದಿರುತ್ತೇವಂತೆ. ಒಂದು ದಿಬ್ಬವೋ ಲಾರಿಯೋ ಅಡ್ಡ ಬಂದು ಗಾಳಿ ತಟ್ಟನೆ ನಿಂತರೆ, ಇಲ್ಲದ ಗಾಳಿಯ ವಿರುದ್ಧ ನಾವು ಎಳೆಯುತ್ತಲೇ ಇರುತ್ತೇವಂತೆ. ಕಾರು ಪಕ್ಕದ ಲೇನಿಗೆ ನುಗ್ಗುವುದು ಆಗಲೇ ಅಂತೆ. ಆಗ ಅನ್ನ ಬಂತು, ಮಾತು ಬೇರೆ ಕಡೆಗೆ ಹೊರಳಿತು. ನಾನು ತಲೆಯಾಡಿಸಿದ್ದೆನಾದರೂ ಅದು ನನಗೆ ಬೇಕಾಗುವ ಮಾತೆಂದು ಅನ್ನಿಸಿರಲಿಲ್ಲ.

ಆ ವರ್ಷದ ಆಯುಧಪೂಜೆ ಶನಿವಾರ ಬಿದ್ದಿತ್ತು. ಬೆಳಿಗ್ಗೆಯೇ ಗಾಳಿ ಎದ್ದು ತೊಟ್ಟಿಗಳು ಸಂಚಾರ ಹೊರಟಿದ್ದವು. ನಮ್ಮವರಿಗೆ ಆಯುಧಪೂಜೆಯ ಉತ್ಸಾಹ ಇನ್ನಾವ ಹಬ್ಬಕ್ಕೂ ಇಲ್ಲ. ಮಿಕ್ಸಿ, ಲ್ಯಾಪ್‌ಟಾಪು, ಹುಲ್ಲು ಕತ್ತರಿಸುವ ಯಂತ್ರ, ನನ್ನ ಶಾಲೆಯ ಜಾಮಿಟ್ರಿ ಪೆಟ್ಟಿಗೆ ಎಲ್ಲಕ್ಕೂ ಕುಂಕುಮ ಹಚ್ಚಿ ಆದ ಮೇಲೆ ಡ್ರೈವ್‌ವೇಯಲ್ಲಿ ನಿಂತ ಕಾರಿಗೆ ಬಂದರು. ಹಿತ್ತಲಿನಿಂದ ಕಡಿದು ತಂದ ಬಾಳೆಕಂದುಗಳನ್ನು ಮುಂದಿನ ಬಂಪರಿನ ಎರಡೂ ಬದಿಗೆ ಕಟ್ಟಿದರು. ಚೆಂಡುಹೂವಿನ ಉದ್ದನೆಯ ಮಾಲೆಯನ್ನು ಒಂದು ಕನ್ನಡಿಯಿಂದ ಇನ್ನೊಂದು ಕನ್ನಡಿಯವರೆಗೆ ಬಾನೆಟ್ಟಿನ ಮೇಲೆ ಇಳಿಬಿಟ್ಟು, ನಡುವೆ ಮುಂಭಾಗದ ಜಾಲರಿಗೆ ಸಿಕ್ಕಿಸಿ, ಹಾರಿ ಹೋಗಬಾರದೆಂದು ಎರಡೆರಡು ಗಂಟು ಹಾಕಿದರು. ಎದುರು ಮನೆಯ ಚೀನೀ ಅಜ್ಜ ಪ್ರತಿ ವರ್ಷದಂತೆ ಹೊರಗೆ ಬಂದು ಕೈಕಟ್ಟಿ ನಿಂತು ನೋಡಿದರು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮಂಗಳಾರತಿ ಮಾಡಿ, ಆರುವ ಕರ್ಪೂರವನ್ನು ಅಂಗೈಯಿಂದ ಮರೆಮಾಡಿಕೊಂಡು ಕಾರನ್ನು ಒಂದಿಷ್ಟು ಮುಂದಕ್ಕೆ ಓಡಿಸಿದರು, ಅಲ್ಲಿಗೆ ಪೂಜೆ ಮುಗಿಯಿತು.

ಊಟಕ್ಕೆ ಕೂತಾಗ ಅವರು ಪಾಯಸವನ್ನು ಮುಟ್ಟದೆ ಬಟ್ಟಲನ್ನೇ ನೋಡುತ್ತಿದ್ದರು. ನಾನು ಕೇಳಿದಾಗ ಹೇಳಿದರು: ಹಿಂದಿನ ದಿನದಿಂದ ಎಡಗಣ್ಣಿನ ಮುಂದೆ ಮಸಿ ಹಾರಿದಂತೆ ಕಾಣುತ್ತಿದೆ, ನಡುನಡುವೆ ಮಿಂಚಿದ ಹಾಗಾಗುತ್ತದೆ, ಈಗ ಮೂಲೆಯಿಂದ ಕಪ್ಪು ಪರದೆ ಎಳೆದಂತೆ ಆಗಿದೆ. ಹಬ್ಬ ಮುಗಿಯಲಿ ಎಂದು ಸುಮ್ಮನಿದ್ದರಂತೆ. ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು, ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯದೆ ಫೋನು ಎತ್ತಿಕೊಂಡೆ. ಆ ದಿನದ ಪಾಳಿಯ ಕಣ್ಣಿನ ಡಾಕ್ಟರು ಎಲ್ಲವನ್ನೂ ಕೇಳಿಕೊಂಡು ನೇರವಾಗಿ ಹೇಳಿದರು: ಕಣ್ಣಿನ ಹಿಂದಿನ ಪದರ ಕಳಚಿಕೊಳ್ಳುತ್ತಿರಬೇಕು, ಅದರ ನಡುಭಾಗ ಕಳಚುವ ಮೊದಲು ಬಂದರೆ ಕಣ್ಣು ಉಳಿಸಬಹುದು, ಕಳಚಿದ ಮೇಲೆ ಎಷ್ಟು ಉಳಿದೀತೆಂದು ಹೇಳಲಾಗುವುದಿಲ್ಲ, ಈಗಲೇ ಹೊರಡಿ, ತಲೆ ಹೆಚ್ಚು ಅಲುಗಿಸಬೇಡಿ. ಆಸ್ಪತ್ರೆ ಇದ್ದದ್ದು ಕೊಲ್ಲಿಯ ಆಚೆಯ ದಡದಲ್ಲಿ.

ಟ್ಯಾಕ್ಸಿಗೆ ಹೇಳಿದೆ; ಬರುತ್ತೇನೆಂದವನು ಗಾಳಿ ನೋಡಿ ರದ್ದು ಮಾಡಿದ, ಆಮೇಲೆ ಒಪ್ಪಿದವನೂ ಹಾಗೆಯೇ ಮಾಡಿದ. ಕರೆದರೆ ಓಡಿ ಬರುವಂಥ ಸ್ನೇಹಿತರು ಹಬ್ಬಕ್ಕೆಂದು ದೇವಸ್ಥಾನಕ್ಕೆ ಹೋಗಿ ಬೆಟ್ಟದ ಆಚೆಗಿದ್ದರು. ಸೇತುವೆ ತಪ್ಪಿಸಿ ಮಿಲ್ಪಿಟಾಸ್ ಸುತ್ತಿಕೊಂಡು ಹೋಗುವ ದಾರಿಯಿದೆಯಲ್ಲ ಎಂದು ನೋಡಿದರೆ, ಆ ಫ್ರೀವೇಯಲ್ಲಿ ಗಾಳಿಗೆ ದೊಡ್ಡ ಟ್ರಕ್ಕೊಂದು ಮಗುಚಿಕೊಂಡು ನಕ್ಷೆಯುದ್ದಕ್ಕೂ ಕೆಂಪಾಗಿತ್ತು. ಇನ್ನು ಉಳಿದದ್ದು ಕೊಲ್ಲಿಗೆ ಅಡ್ಡಲಾಗಿರುವ ಡಂಬಾರ್ಟನ್ ಸೇತುವೆ, ಅದನ್ನು ದಾಟಿಸಬೇಕಾದವಳು ನಾನು. ಕಾರಿನ ಬೀಗದ ಕೈ ಹಿಡಿದು ಹೊರಗೆ ಬಂದು ಮೊದಲು ಬಾಳೆಕಂದುಗಳನ್ನು ಬಿಚ್ಚಿ ಅಂಗಳಕ್ಕೆ ಎಸೆದೆ, ನಂಬರ್ ಪ್ಲೇಟು ಮುಚ್ಚಿದೆಯೆಂದು ಪೊಲೀಸರು ತಡೆದಾರೆಂಬ ನೆಪ ನನಗೆ ಸಿಕ್ಕಿತ್ತು. ಮಾಲೆಯ ಗಂಟಿಗೆ ಕೈ ಹಾಕಿದಾಗ ಅವರು ಒಂದು ಕಣ್ಣು ಮುಚ್ಚಿಕೊಂಡೇ, "ಅದನ್ನು ಬಿಚ್ಚಬೇಡ. ಪೂಜೆ ಮಾಡಿದ್ದನ್ನು ಇವತ್ತೇ ಬಿಚ್ಚುವುದುಂಟಾ?" ಎಂದರು. ಅಂಥ ದಿನ, ಅಂಥ ಹೊತ್ತಿನಲ್ಲಿ, ನನಗೂ ಬಿಚ್ಚಲು ಮನಸ್ಸಾಗಲಿಲ್ಲ.

ನಮ್ಮ ಬಡಾವಣೆಯಲ್ಲಿ ಆಗಲೇ ಕರೆಂಟು ಹೋಗಿತ್ತು. ಸಿಗ್ನಲ್ಲುಗಳು ಸತ್ತಿದ್ದ ಕೂಡುರಸ್ತೆಗಳಲ್ಲಿ ಎಲ್ಲರೂ ಪೂರ್ತಿ ನಿಂತು, ಮೊದಲು ಬಂದವರು ಮೊದಲು ಎಂಬ ಲೆಕ್ಕದಲ್ಲಿ ಒಬ್ಬೊಬ್ಬರಾಗಿ ದಾಟುತ್ತಿದ್ದರು. ಊರೊಳಗೆ ಗಾಳಿಯ ಜೋರು ನನಗೆ ಅಷ್ಟಾಗಿ ತಿಳಿಯಲಿಲ್ಲ. ಮನೆಗಳಿವೆ, ಮರಗಳಿವೆ, ಫ್ರೀವೇಯ ಬದಿಯ ಎತ್ತರದ ಗೋಡೆಗಳಿವೆ. ಅವೆಲ್ಲ ಮುಗಿದು ಎರಡೂ ಕಡೆ ಉಪ್ಪು ತೆಗೆಯುವ ಮಡುಗಳು ತೆರೆದುಕೊಂಡಾಗ ಕಾರಿನ ಬಲಮಗ್ಗುಲಿಗೆ ಯಾರೋ ಭುಜ ಕೊಟ್ಟು ತಳ್ಳಿದಂತಾಯಿತು. ಮಡುವಿನ ಅಂಚಿನ ಬಿಳಿ ನೊರೆ ಮುದ್ದೆಮುದ್ದೆಯಾಗಿ ಎದ್ದು ರಸ್ತೆಗೆ ಅಡ್ಡ ಓಡುತ್ತಿತ್ತು. ನಾನು ವೇಗ ಇಳಿಸಿದೆ, ಎರಡೂ ಕೈಗಳಿಂದ ಸ್ಟಿಯರಿಂಗು ಹಿಡಿದೆ, ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಮೊಣಕೈವರೆಗೆ ನೋಯುತ್ತಿತ್ತು.

ಪಕ್ಕದಲ್ಲಿ ನಮ್ಮವರು ಎರಡೂ ಕಣ್ಣು ಮುಚ್ಚಿ, ತಲೆಯನ್ನು ಸೀಟಿಗೆ ಒತ್ತಿ ಕೂತಿದ್ದರು. ಆದರೆ ಬಾಯಿ ಮುಚ್ಚಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಕಿವಿಯಿಂದಲೇ ತಿಳಿದುಕೊಂಡು ನಿರ್ದೇಶನ ಕೊಡುತ್ತಿದ್ದರು: ಗಾಳಿಯ ಸದ್ದು ಹೆಚ್ಚಾಯಿತು, ನಿಧಾನ, ಪಕ್ಕದಲ್ಲಿ ದೊಡ್ಡ ಗಾಡಿಯಿದೆ, ಹಿಂದೆ ಸರಿ, ಸೇತುವೆ ಏರು ಶುರುವಾಯಿತಲ್ಲ, ಲೇನು ಬದಲಿಸಬೇಡ. ನಾನು ಮಾತಿಗೆ ಮಾತು ಕೊಡದೆ ಹಲ್ಲು ಕಚ್ಚಿ ಓಡಿಸಿದೆ. ದೊಡ್ಡ ಗಾಡಿಯ ವಿಷಯದಲ್ಲಿ ಅವರ ಮಾತು ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ಇರಬೇಕು, ಹಿಂದೆ ಸರಿಯುವ ಬದಲು ನಾನು ಬಲಗಡೆಯ ಲೇನಿನ ಟ್ರಕ್ಕನ್ನು ದಾಟಿ ಮುಂದೆ ಹೋಗಿಬಿಡೋಣವೆಂದು ಹೊರಟೆ. ಅದರ ಪಕ್ಕಕ್ಕೆ ಬಂದ ಕೂಡಲೇ ಗಾಳಿ ನಿಂತಿತು. ಕಾರು ಟ್ರಕ್ಕಿನ ಕಡೆಗೆ ಹಾರಿತು. ಶಾಂತಕ್ಕನ ಮಾತು ನೆನಪಾಗುವ ಮೊದಲೇ ನನ್ನ ಕೈ ಅದನ್ನು ಎಡಕ್ಕೆ ಎಳೆದುಕೊಂಡಿತ್ತು. ಟ್ರಕ್ಕಿನ ಮೂತಿ ದಾಟಿದ ತಕ್ಷಣ ಗಾಳಿ ಮತ್ತೆ ಬಂದು ಗುದ್ದಿತು.

ಆ ಗುದ್ದಿಗೆ ಬಲಗನ್ನಡಿಯ ಕಡೆಯಲ್ಲಿ ಮಾಲೆ ಹರಿಯಿತು. ಹರಿದ ತುದಿ ಮೇಲೆದ್ದು ಮುಂದಿನ ಗಾಜಿಗೆ ಪಟಪಟನೆ ಬಡಿಯತೊಡಗಿತು. ನಾನು ಬುದ್ಧಿ ಓಡುವ ಮೊದಲೇ ವೈಪರು ಹಾಕಿದೆ. ಅದು ಮಾಲೆಯನ್ನು ತಳ್ಳುವ ಬದಲು ಸುತ್ತಿಕೊಂಡು, ನನ್ನ ಕಣ್ಣಿಗೆ ನೇರವಾಗಿ ಒಂದು ಮುಷ್ಟಿ ಹೂವನ್ನು ತಂದು ಹಿಡಿದು ನಿಂತಿತು. ಅರೆದ ಚೆಂಡುಹೂವಿನ ಹಳದಿ ರಸ ಗಾಜಿನ ಮೇಲೆ ಹರಡಿತು. ಈ ಸೇತುವೆ ಕಟ್ಟಿದವರು, ಕಾರು ಮಾಡಿದವರು, ಗಾಳಿಯ ಎಚ್ಚರಿಕೆ ಕೊಡುವವರು ಏನೇನನ್ನೋ ಊಹಿಸಿರಬಹುದು, ಇದನ್ನು ಊಹಿಸಿರಲಾರರು. ನಮ್ಮವರಿಗೆ ಸದ್ದು ಕೇಳಿತು. ಏನದು, ವೈಪರು ಹಾಕು, ಹಾಕಬೇಡ, ಬದಿಗೆ ನಿಲ್ಲಿಸು, ಇಲ್ಲಿ ನಿಲ್ಲಿಸಬೇಡ ಎಂದು ಒಂದರ ಮೇಲೊಂದು ಹೇಳತೊಡಗಿದರು. ಅವರಿಗೆ ಹೆದರಿಕೆಯಾಗಿತ್ತು, ದನಿಯಲ್ಲೇ ತಿಳಿಯುತ್ತಿತ್ತು. ನನಗೂ ಆಗಿತ್ತು.

"ರೀ, ಸುಮ್ನಿರಿ," ಎಂದೆ. "ನಂಗೆ ಕಾಣಿಸ್ತಿದೆ."

ಅವರು ಸುಮ್ಮನಾದರು. ಕಣ್ಣು ಕಾಣದೆ ಕೂತಿರುವವರಿಗೆ ಆಡಿದ ಮಾತೆಂದು ಆಡಿದ ಮೇಲೆಯೇ ತಿಳಿಯಿತು, ಹಿಂದಕ್ಕೆ ತೆಗೆದುಕೊಳ್ಳುವಷ್ಟು ಹೊತ್ತಿರಲಿಲ್ಲ. ಆಗ ಒಂದು ವಿಚಿತ್ರವಾಯಿತು, ಇದನ್ನು ಹೇಳುವುದಕ್ಕಾಗಿಯೇ ನಾನು ಇಷ್ಟು ದೂರ ನಿಮ್ಮನ್ನು ಕರೆದುಕೊಂಡು ಬಂದೆ. ಗಾಳಿ ಹಾಗೆಯೇ ಬೀಸುತ್ತಿತ್ತು, ಪಕ್ಕದಲ್ಲಿ ಟ್ರಕ್ಕಿರಲಿಲ್ಲ, ದಿಬ್ಬವಿರಲಿಲ್ಲ. ಆದರೂ ಅವರ ದನಿ ನಿಂತ ಕೂಡಲೇ ನನ್ನ ಕೈ ತಪ್ಪಿ ಕಾರು ಓಲಾಡಿತು. ಇಷ್ಟು ಹೊತ್ತು ನಾನು ಹಿಡಿದಿದ್ದದ್ದು ಗಾಳಿಯ ವಿರುದ್ಧ ಮಾತ್ರವಲ್ಲ ಎನ್ನುವುದು ಆಗ ನನಗೆ ಗೊತ್ತಾಯಿತು. ಅರ್ಧ ಬಲವನ್ನು ಅವರ ಮಾತಿನ ವಿರುದ್ಧ ಎಳೆಯುವುದಕ್ಕೇ ಇಟ್ಟಿದ್ದೆ, ಆ ಮಾತು ಕೈಬಿಟ್ಟಾಗ ನಾನು ವಾಲಿದೆ.

ಹೆದ್ದಾರಿಯ ನಡುವೆ ತತ್ವ ಹೊಳೆಯುವುದು ಒಳ್ಳೆಯದಲ್ಲ, ಹಾಗಾಗಿ ಉಳಿದದ್ದನ್ನು ಆಮೇಲೆ ಯೋಚಿಸಿದೆ. ನಮ್ಮತ್ತೆ ಬದುಕಿದ್ದಷ್ಟು ಕಾಲ ಪಲ್ಯಕ್ಕೆ ಇನ್ನೊಂದು ಚೂರು ಬೆಲ್ಲ ಹಾಕು ಎನ್ನುತ್ತಿದ್ದರು, ನಾನು ಮೈಸೂರಿನವಳು, ಅವರ ಕಣ್ಣು ತಪ್ಪಿಸಿ ಹಾಕದೆ ಬಿಡುತ್ತಿದ್ದೆ. ಅವರು ಹೋದ ಮೇಲೆ ಬೆಲ್ಲದ ಮಾತೆತ್ತುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ನನ್ನ ಪಲ್ಯ ವರ್ಷದಿಂದ ವರ್ಷಕ್ಕೆ ಖಾರವಾಗುತ್ತ ಹೋಯಿತೆಂದು ಮಗಳು ನಗುತ್ತಾಳೆ. ಹೀಗೆ ಎಷ್ಟು ಗಾಳಿಗಳು ಎಂದೋ ನಿಂತುಹೋಗಿದ್ದರೂ ಅವುಗಳ ಕಡೆಗೆ ನಾವು ಕೈ ತಿರುಗಿಸಿಕೊಂಡೇ ಇರುತ್ತೇವೋ ಏನೋ. ಕಠಿಣ ಮೇಷ್ಟರ ಕೈಯಲ್ಲಿ ಓದಿದವರು ತಮ್ಮ ಮಕ್ಕಳನ್ನು ಯಾರೂ ಗದರಿಸದ ಮನೆಯಲ್ಲಿ ಬೆಳೆಸಿ, ಮಗು ಮಾತು ಕೇಳುವುದಿಲ್ಲವೆಂದು ಬೇಸರಪಡುವುದನ್ನು ನನ್ನ ಶಾಲೆಯಲ್ಲೇ ನೋಡುತ್ತೇನೆ.

ಸೇತುವೆಯ ಮೇಲೆ ಆಗ ಮಾಡಿದ್ದು ಇಷ್ಟು. ವೈಪರು ನಿಲ್ಲಿಸಿದೆ. ಎಮರ್ಜೆನ್ಸಿ ದೀಪ ಹಾಕಿ ವೇಗವನ್ನು ಇನ್ನೂ ಇಳಿಸಿ, ಹಿಂದೆ ಬಿಟ್ಟ ಟ್ರಕ್ಕು ನನ್ನನ್ನು ದಾಟಿ ದೂರ ಹೋಗುವವರೆಗೆ ನನ್ನ ಲೇನಿನಲ್ಲೇ ಉಳಿದೆ, ಆಮೇಲೆ ಬಲಕ್ಕೆ ಸರಿದೆ. ಹೂವಿನ ಮುಷ್ಟಿಯ ಎಡಗಡೆ ಒಂದು ಗೇಣು ಗಾಜು ಶುಭ್ರವಾಗಿತ್ತು, ಅಷ್ಟರಲ್ಲೇ ದಾರಿ ಕಾಣುವಂತೆ ಕುತ್ತಿಗೆ ಬಾಗಿಸಿದೆ. ಮುಖ್ಯವಾಗಿ ಹಿಡಿತವನ್ನು ಸಡಿಲಿಸಿದೆ. ಗಾಳಿ ಒತ್ತಿದಾಗ ಸ್ವಲ್ಪ ಕೊಡುವುದು, ಬಿಟ್ಟಾಗ ಸ್ವಲ್ಪ ಹಿಂದೆ ತರುವುದು, ಎರಡನ್ನೂ ದೊಡ್ಡದಾಗಿ ಮಾಡದಿರುವುದು. ಮೊಣಕೈಯ ನೋವು ಇಳಿಯಿತು. ಆಚೆ ದಡದ ಮೊದಲ ತಿರುವಿನಲ್ಲಿ ಇಳಿದು, ಒಂದು ಕಟ್ಟಡದ ಮರೆಯಲ್ಲಿ ನಿಲ್ಲಿಸಿ, ಬಾಗಿಲನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಇಳಿದು, ಮಾಲೆಯನ್ನು ವೈಪರಿನಿಂದ ಬಿಡಿಸಿ ತೆಗೆದೆ. ಒಳಗೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡೇ ಕೈ ಚಾಚಿದರು. ಮಾಲೆಯನ್ನು ಅವರ ತೊಡೆಯ ಮೇಲಿಟ್ಟೆ, ಆಸ್ಪತ್ರೆಯವರೆಗೂ ಅವರು ಅದನ್ನು ಹಿಡಿದುಕೊಂಡಿದ್ದರು, ಒಂದು ಮಾತನ್ನೂ ಆಡಲಿಲ್ಲ.

ನಡುಭಾಗದ ಅಂಚಿನವರೆಗೆ ಕಳಚಿದೆ, ನಡುಭಾಗವೂ ಅಲುಗಿದಂತಿದೆ, ಪದರವನ್ನು ಮತ್ತೆ ಕೂರಿಸುತ್ತೇವೆ, ಎಷ್ಟು ಕಾಣುತ್ತದೆಂಬುದನ್ನು ಕಾದು ನೋಡಬೇಕು ಎಂದರು ಡಾಕ್ಟರು. ಅಂದೇ ಶಸ್ತ್ರಚಿಕಿತ್ಸೆಯಾಯಿತು. ಹೊರಗೆ ಕೂತು ಸ್ಯಾನ್ ಡಿಯಾಗೋದಲ್ಲಿ ಓದುತ್ತಿರುವ ಮಗಳಿಗೆ ಫೋನು ಮಾಡಿದೆ. ಅಪ್ಪನ ಕಣ್ಣಿನ ವಿಷಯವನ್ನೆಲ್ಲ ಕೇಳಿ ಅತ್ತು ಸುಧಾರಿಸಿಕೊಂಡ ಮೇಲೆ ಅವಳು, "ವೇಟ್, ಅಮ್ಮ, ಯೂ ಡ್ರೋವ್ ದ ಬ್ರಿಡ್ಜ್?" ಎಂದು ಕೇಳಿದಳು. ಹೌದು ಎಂದೆ.

ಪದರ ಕೂತುಕೊಳ್ಳಲೆಂದು ಕಣ್ಣಿನೊಳಗೆ ಒಂದು ಅನಿಲದ ಗುಳ್ಳೆ ಬಿಟ್ಟಿರುತ್ತಾರೆ. ಮೊದಲ ಕೆಲವು ದಿನ ಮುಖ ಕೆಳಗೆ ಮಾಡಿಯೇ ಇರಬೇಕು. ಊಟ, ನಿದ್ದೆ, ಜಪ ಎಲ್ಲ ನೆಲ ನೋಡಿಕೊಂಡೇ. ಆಮೇಲೂ ಗುಳ್ಳೆ ಕರಗುವ ತನಕ ಕಾರು ಓಡಿಸುವ ಹಾಗಿಲ್ಲ. ಹೀಗಾಗಿ ವಾರಕ್ಕೊಮ್ಮೆ ನಾನೇ ಸೇತುವೆ ದಾಟಿಸಿ ಅವರನ್ನು ತಪಾಸಣೆಗೆ ಕರೆದುಕೊಂಡು ಹೋಗಿ ಬರುತ್ತಿದ್ದೆ. ಕೈ ಪಳಗಿತು. ಸೇತುವೆ ಒಂದು ರಸ್ತೆಯಾಯಿತು, ಅಷ್ಟೆ. ಆದರೆ ಕಾರಿನಲ್ಲಿ ನಮ್ಮವರ ಬಾಯಿ ಮುಚ್ಚಿಹೋಗಿತ್ತು. ಮೊದಲೆರಡು ಸಲ ನನಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವರ ಕಡೆಗೆ ನೋಡಿದೆ. ಬಲಗಾಲು ನೆಲವನ್ನು ಒತ್ತುತ್ತಿರಲಿಲ್ಲ, ಮುಖ ರಸ್ತೆಯ ಕಡೆಗಿದ್ದರೂ ಅವರು ರಸ್ತೆಯನ್ನು ನೋಡುತ್ತಿರಲಿಲ್ಲ. ನನ್ನ ಚಾಲನೆಯ ಮೇಲೆ ನಂಬಿಕೆ ಬಂದು ಸುಮ್ಮನಾದದ್ದಾಗಿದ್ದರೆ ನಾನು ಸಂತೋಷಪಡುತ್ತಿದ್ದೆ. ಅವರು ಕೈಚೆಲ್ಲಿ ಕೂತಿದ್ದರು. ಸುಮ್ಮನಿರಿ ಎಂದು ನಾನೇ ಹೇಳಿದ್ದೆನಲ್ಲ ಎಂದುಕೊಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಮನೆಯಲ್ಲಿ ಅವರಿಗೊಂದು ಹೊಸ ಅಭ್ಯಾಸ ಹತ್ತಿಕೊಂಡಿತು. ಇದ್ದಕ್ಕಿದ್ದಂತೆ ಒಳ್ಳೆಯ ಕಣ್ಣನ್ನು, ಅಂದರೆ ಬಲಗಣ್ಣನ್ನು, ಅಂಗೈಯಿಂದ ಮುಚ್ಚಿಕೊಂಡು ಎಡಗಣ್ಣಿನಿಂದ ಏನನ್ನಾದರೂ ನೋಡುವರು: ಗೋಡೆಯ ಕ್ಯಾಲೆಂಡರು, ಕಿಟಕಿಯಾಚೆಯ ನಿಂಬೆ ಗಿಡ, ನನ್ನ ಮುಖ. ಗುಳ್ಳೆ ಸಣ್ಣದಾಗುತ್ತ ಬಂದಂತೆ ಕೊಡದ ನೀರು ಇಳಿಯುವಂತೆ ಅದರ ಅಂಚು ಕೆಳಗಿಳಿಯುತ್ತದೆ, ಮೇಲುಗಡೆಯಿಂದ ಕಾಣತೊಡಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಾಣುವುದು ಹೊಗೆಯಂತೆ ಕಾಣುತ್ತದೋ, ಸರಿಯಾಗಿ ಕಾಣುತ್ತದೋ ಅದನ್ನು ಮಾತ್ರ ಮೊದಲೇ ಹೇಳಲಾಗದು. ನೋಡಿ ಆದ ಮೇಲೆ ಅವರು ಕೈ ತೆಗೆದು ಸುಮ್ಮನೆ ಕೂರುವರು. ಏನು ಕಂಡಿತೆಂದು ಅವರು ಹೇಳುತ್ತಿರಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ತಪಾಸಣೆಯಲ್ಲಿ ಡಾಕ್ಟರು ಅಕ್ಷರ ತೋರಿಸಿದರೆ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಹೇಳಿ ಬರುತ್ತಿದ್ದರು.

ದೀಪಾವಳಿ ಕಳೆದು ಕೆಲವು ವಾರಗಳಾಗಿದ್ದವು. ಅಂದು ಮಧ್ಯಾಹ್ನ ತಪಾಸಣೆ ಮುಗಿಸಿಕೊಂಡು ಮನೆಗೆ ಮರಳುತ್ತಿದ್ದೆವು. ಸಾಧಾರಣ ಗಾಳಿಯಿತ್ತು, ನೀರಿನ ಮೇಲೆ ಸಣ್ಣ ಬಿಳಿ ಅಲೆಗಳು ಏಳುವಷ್ಟು. ನಾನು ಬಲಗಡೆಯ ಲೇನಿನಲ್ಲಿ ನನ್ನ ಪಾಡಿಗೆ ಹೋಗುತ್ತಿದ್ದೆ, ಸೇತುವೆಯ ಏರು ಮುಗಿದು ಇಳಿಜಾರು ಶುರುವಾಗಿತ್ತು. ಪಕ್ಕದಲ್ಲಿ ಅವರು ಎಂದಿನಂತೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆಯ ಕಿಟಕಿಯತ್ತ ತಿರುಗಿದ್ದನ್ನು ಓರೆಗಣ್ಣಿನಿಂದ ನೋಡಿದೆ. ಕೈ ಹಾಗೆಯೇ ಇತ್ತು, ತೆಗೆಯಲಿಲ್ಲ. ಅವರ ಬಲಗಾಲು ನೆಲವನ್ನು ಒತ್ತಿತು.

"ರತ್ನಾ," ಎಂದರು, "ಎಡಗಡೆ ಲಾರಿ ಬರ್ತಾ ಉಂಟು. ನೋಡಿಕೊ."

ಲಾರಿಯನ್ನು ನಾನು ಆಗಲೇ ನೋಡಿದ್ದೆ. ಅದು ದಾಟುವಾಗ ಗಾಳಿ ಹೇಗೆ ಬದಲಾಗುತ್ತದೆಂದು ಲೆಕ್ಕ ಹಾಕಿ ವೇಗವನ್ನೂ ಇಳಿಸಿದ್ದೆ.

"ಎಲ್ಲಿ?" ಎಂದು ಕೇಳಿದೆ.

"ಅಲ್ಲಿ, ನೀಲಿದು. ನಿಂಗೆ ಕಾಣುದಿಲ್ವಾ?"

"ಇಲ್ಲ ರೀ," ಎಂದೆ. "ನೀವೇ ಹೇಳಿ."